ಚರಿತ್ರೆಯ ಸಿನಿಮಾ, ಅದರ ಸಂಗೀತ ಮತ್ತು ಕಾಲ: ಕಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೌಢಶಾಲೆ, ಪಿಯು ಮತ್ತು ಪದವಿ ತರಗತಿಗಳಲ್ಲಿ ಇತಿಹಾಸ, ಕನ್ನಡ, ಸಂಗೀತ ಹೇಳಿಕೊಡುವವರು ಮಾತಿನಲ್ಲಿ, ಪತ್ರಗಳಲ್ಲಿ, ಕಾರ್ಯಾಗಾರಗಳಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಉದಾಹರಣೆಗಳು ಹೆಚ್ಚಾಗಿ ಕನ್ನಡ ಚಿತ್ರಗಳವು. ಬೇರೆ ಭಾಷೆಯ ಚಿತ್ರದಿಂದ ವಿಷಯ ಇನ್ನೂ ಚೆನ್ನಾಗಿ ತಿಳಿಯುವ ಕಡೆ ಅದನ್ನೇ ತೆಗೆದುಕೊಂಡಿದ್ದೇವೆ.

## ಶುರು ಮಾಡುವವರಿಗೆ

ಇತಿಹಾಸದ ಪಾಠದಲ್ಲಿ ಸಿನಿಮಾ ಸಂಗೀತ ಯಾಕೆ? ಸಿನಿಮಾ ತೋರಿಸಿದರೆ ಸಾಲದೆ?

ರಾಜನ ಕೈಯಲ್ಲಿ ಗಡಿಯಾರ ಕಂಡರೆ ಇಡೀ ತರಗತಿ ನಗುತ್ತದೆ. ಅದೇ ರಾಜ ಸಭೆಗೆ ಬರುವಾಗ ಪಿಟೀಲುಗಳ ಗುಂಪು, ಟ್ರಂಪೆಟ್ಟು ಒಟ್ಟಿಗೆ ಮೊಳಗಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಇವನು ದೊಡ್ಡ ರಾಜ, ಈ ಸೋಲು ಅನ್ಯಾಯದ್ದು, ಇದು ಚಿನ್ನದ ಕಾಲ ಎಂಬ ತೀರ್ಪುಗಳನ್ನು ಸಿನಿಮಾ ಸಂಭಾಷಣೆಗಿಂತ ಹೆಚ್ಚಾಗಿ ಸಂಗೀತದಲ್ಲಿ ಕೊಡುತ್ತದೆ. ಆ ತೀರ್ಪು ಕೇಳುಗನ ಗಮನಕ್ಕೆ ಬಾರದೆಯೇ ಒಳಗಿಳಿಯುತ್ತದೆ.

ಚಾರಿತ್ರಿಕ ಚಿತ್ರ ಯಾವುದೇ ಇರಲಿ, ಅದರಲ್ಲಿ ಮೂರು ಕಾಲಗಳಿರುತ್ತವೆ: ಕಥೆ ನಡೆದ ಕಾಲ, ಚಿತ್ರ ತಯಾರಾದ ಕಾಲ, ನಾವು ನೋಡುತ್ತಿರುವ ಕಾಲ. ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ದಲ್ಲಿ 1824 ಇದೆ, 1961 ಇದೆ, ಇವತ್ತೂ ಇದೆ. ವೇಷಭೂಷಣ ಮೊದಲನೆಯ ಕಾಲವನ್ನು ಕಟ್ಟಿಕೊಡಲು ನೋಡುತ್ತದೆ. ಸಂಗೀತ ಬಹುಪಾಲು ಎರಡನೆಯ ಕಾಲದ್ದು. ಈ ಸಂಗೀತದಲ್ಲಿ ಯಾವ ಕಾಲ ಮಾತಾಡುತ್ತಿದೆ ಎಂದು ಕೇಳುವ ಅಭ್ಯಾಸ ಮಕ್ಕಳಿಗೆ ಬಂದರೆ ಪಾಠದ ಮುಕ್ಕಾಲು ಪಾಲು ಮುಗಿದಂತೆ. ಮುಂದಿನ ಉತ್ತರಗಳೆಲ್ಲ ಆ ಒಂದು ಪ್ರಶ್ನೆಯನ್ನು ಬೇರೆ ಬೇರೆ ಕಡೆಯಿಂದ ಕೇಳುವ ದಾರಿಗಳು.

ನನಗೆ ಸಂಗೀತ ಬರುವುದಿಲ್ಲ, ಒಂದು ರಾಗವನ್ನೂ ಗುರುತಿಸಲಾರೆ. ನಾನು ಇದನ್ನು ಕಲಿಸಬಹುದಾ?

ಧಾರಾಳವಾಗಿ. ರಾಗದ ಹೆಸರು ಬೇಕಾಗುವುದು ತುಂಬ ಆಮೇಲೆ. ಮೊದಲ ಒಂದೆರಡು ತಿಂಗಳು ಐದು ಸಂಗತಿ ಸಾಕು: ಯಾವ ವಾದ್ಯ, ಎಷ್ಟು ವೇಗ, ಎಷ್ಟು ಜೋರು, ಯಾರ ದನಿ (ಒಬ್ಬರೋ ಗುಂಪೋ, ಗಂಡೋ ಹೆಣ್ಣೋ), ಎಲ್ಲಿ ಮೌನ. ವೇಗವನ್ನು ಅಳೆಯಲು ಬೆರಳಲ್ಲಿ ತಾಳ ಹಾಕಿಸಿ, 15 ಸೆಕೆಂಡಿನಲ್ಲಿ ಎಷ್ಟು ಪೆಟ್ಟು ಬಿತ್ತೆಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಎಂದು ಸಿಗುತ್ತದೆ. 60ರ ಆಸುಪಾಸು ಇದ್ದರೆ ನಿಧಾನ, 120 ದಾಟಿದರೆ ಓಟ.

ವಾದ್ಯದ ಹೆಸರು ಗೊತ್ತಾಗದಿದ್ದರೆ ‘ಊದುವುದು, ಮೀಟುವುದು, ಉಜ್ಜುವುದು, ಬಡಿಯುವುದು’ ಎಂದು ಬರೆಸಿ. ತಪ್ಪು ಹೆಸರಿಗಿಂತ ಸರಿಯಾದ ವರ್ಣನೆ ಮೇಲು. ತರಗತಿಯಲ್ಲಿ ಡೊಳ್ಳು, ಭಜನೆ, ಬ್ಯಾಂಡ್‌ಸೆಟ್‌ನಲ್ಲಿ ಬಾರಿಸುವ ಹುಡುಗ ಹುಡುಗಿಯರು ಒಬ್ಬಿಬ್ಬರಾದರೂ ಇರುತ್ತಾರೆ. ಅವರನ್ನು ಮುಂದೆ ಕರೆಯಿರಿ, ನಿಮಗಿಂತ ಚೆನ್ನಾಗಿ ಹೇಳುತ್ತಾರೆ.

ಪೂರ್ತಿ ಸಿನಿಮಾ ತೋರಿಸಲು ಮೂರು ಗಂಟೆ ಎಲ್ಲಿಂದ ತರಲಿ?

ತೋರಿಸಬೇಡಿ. 90 ಸೆಕೆಂಡಿನಿಂದ 3 ನಿಮಿಷದ ಒಂದು ತುಣುಕು ಸಾಕು. 40 ನಿಮಿಷದ ಪೀರಿಯಡ್ಡನ್ನು ಹೀಗೆ ಹಂಚಿಕೊಳ್ಳಬಹುದು.

ಮೊದಲ 6 ನಿಮಿಷ: ಪರದೆ ಮುಚ್ಚಿ, ತುಣುಕಿನ ಧ್ವನಿಯನ್ನಷ್ಟೇ ಎರಡು ಸಲ ಕೇಳಿಸಿ. ಮಕ್ಕಳು ಮೇಲಿನ ಐದು ಸಂಗತಿಗಳನ್ನು ಬರೆದುಕೊಳ್ಳಲಿ.
ಮುಂದಿನ 4 ನಿಮಿಷ: ಧ್ವನಿ ಮ್ಯೂಟ್ ಮಾಡಿ ಚಿತ್ರವನ್ನಷ್ಟೇ ತೋರಿಸಿ.
ಮತ್ತೆ 4 ನಿಮಿಷ: ಎರಡನ್ನೂ ಕೂಡಿಸಿ.
14 ನಿಮಿಷ: ಬೋರ್ಡಿನ ಮೇಲೆ ಮೂರು ಕಂಬಸಾಲು ಹಾಕಿ ಚರ್ಚೆ. ‘ಕೇಳಿಸಿದ್ದು’, ‘ಅನ್ನಿಸಿದ್ದು’, ‘ಹಾಗನ್ನಿಸಲು ಕಾರಣವಾದ ಶಬ್ದ’.
8 ನಿಮಿಷ: ಅದೇ ಘಟನೆಯ ಬಗ್ಗೆ ಪಠ್ಯದ ಒಂದು ಪ್ಯಾರಾ ಅಥವಾ ಶಾಸನದ ಕೆಲವು ಸಾಲು ಓದಿ ಹೋಲಿಕೆ.
ಕೊನೆಯ 4 ನಿಮಿಷ: ಪ್ರತಿಯೊಬ್ಬರೂ ಒಂದು ವಾಕ್ಯ ಬರೆದು ಕೊಡುವುದು.

ಈ ಕ್ರಮ ತಿರುವುಮುರುವಾದರೆ ಪಾಠ ಕೆಡುತ್ತದೆ. ಚಿತ್ರವನ್ನು ಮೊದಲು ತೋರಿಸಿದರೆ ಮಕ್ಕಳು ಕಂಡದ್ದನ್ನೇ ಕೇಳಿದ್ದೆಂದು ಬರೆಯುತ್ತಾರೆ. ಕುದುರೆ ಕಂಡರೆ ‘ಯುದ್ಧದ ಸಂಗೀತ’ ಎನ್ನುತ್ತಾರೆ, ಆ ಹೊತ್ತಿನಲ್ಲಿ ಒಂದೇ ಒಂದು ಕೊಳಲು ನುಡಿಯುತ್ತಿದ್ದರೂ ಸರಿಯೆ. ‘ಅನ್ನಿಸಿದ್ದು’ ಕಂಬಸಾಲನ್ನು ಮೊದಲು ತುಂಬಿಸುವುದೂ ಇಷ್ಟೇ ಅಪಾಯ. ಆಮೇಲೆ ಮಕ್ಕಳು ತಮ್ಮ ಭಾವನೆಗೆ ಹೊಂದುವ ಶಬ್ದವನ್ನಷ್ಟೇ ಹುಡುಕುತ್ತಾರೆ.

ಯಾವ ಚಿತ್ರಗಳಿಂದ ಶುರು ಮಾಡಲಿ?

ನಿಮ್ಮ ಪಠ್ಯದಲ್ಲಿರುವ ರಾಜವಂಶದಿಂದ. ಕದಂಬರಿಗೆ ‘ಮಯೂರ’ (1975), ಬಾದಾಮಿ ಚಾಲುಕ್ಯರಿಗೆ ‘ಇಮ್ಮಡಿ ಪುಲಿಕೇಶಿ’ (1967), ವಿಜಯನಗರಕ್ಕೆ ‘ಶ್ರೀಕೃಷ್ಣದೇವರಾಯ’ (1970), ಮೈಸೂರು ಒಡೆಯರಿಗೆ ‘ರಣಧೀರ ಕಂಠೀರವ’ (1960), ಕಂಪನಿ ಸರ್ಕಾರದ ವಿರುದ್ಧದ ಹೋರಾಟಕ್ಕೆ ‘ಕಿತ್ತೂರು ಚೆನ್ನಮ್ಮ’. ಇವೆಲ್ಲ ಅರಮನೆಯ ಚಿತ್ರಗಳು. ಇವುಗಳ ಪಕ್ಕದಲ್ಲಿ ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977), ‘ಒಂದಾನೊಂದು ಕಾಲದಲ್ಲಿ’ (1978) ಇವುಗಳಲ್ಲಿ ಒಂದನ್ನು ಇಡಲೇಬೇಕು. ಚರಿತ್ರೆ ಎಂದರೆ ರಾಜನ ಪ್ರವೇಶದ ಕಹಳೆ ಎಂದು ಮಕ್ಕಳು ತಿಳಿದುಬಿಡಬಾರದು.

ಪ್ರೊಜೆಕ್ಟರ್ ಇಲ್ಲ, ಮೊಬೈಲೊಂದೇ ಇದೆ. ನಡೆಯುತ್ತದಾ?

ಚಿತ್ರ ಸಣ್ಣದಿದ್ದರೂ ನಡೆಯುತ್ತದೆ, ಧ್ವನಿ ಸಣ್ಣದಾದರೆ ನಡೆಯುವುದಿಲ್ಲ. ಮೊಬೈಲಿನ ಸ್ಪೀಕರಿನಲ್ಲಿ ಕೆಳಸ್ವರಗಳು ಬರುವುದೇ ಇಲ್ಲ. ನಗಾರಿ, ಡೊಳ್ಳು, ತಂಬೂರಿಯ ಮಂದ್ರ ಇವೆಲ್ಲ ಮಾಯವಾಗಿ ಕೊಳಲು, ಪಿಟೀಲು ಮಾತ್ರ ಉಳಿಯುತ್ತವೆ. ಬೆಳಗಿನ ಪ್ರಾರ್ಥನೆಗೆ ಬಳಸುವ ಸ್ಪೀಕರಿಗೆ ಮೊಬೈಲನ್ನು ಜೋಡಿಸಿ, ಚಿತ್ರವನ್ನು ಗುಂಪು ಗುಂಪಾಗಿ ಬಂದು ನೋಡಲಿ.

ಅಂತರ್ಜಾಲದಲ್ಲಿ ಸಿಗುವ ಪ್ರತಿಯನ್ನೂ ಪರೀಕ್ಷಿಸಿ. ಹಕ್ಕುಸ್ವಾಮ್ಯದ ತಪಾಸಣೆಯಿಂದ ತಪ್ಪಿಸಿಕೊಳ್ಳಲು ಕೆಲವರು ವೇಗ ಅಥವಾ ಶ್ರುತಿ ಬದಲಿಸಿ ಹಾಕಿರುತ್ತಾರೆ. ಹಾಡುಗಾರರ ದನಿ ಕೀರಲಾಗಿ ಕೇಳಿಸಿದರೆ ಅನುಮಾನಪಡಿ. ಹಳೆಯ ಚಿತ್ರಕ್ಕೆ ಬಣ್ಣ ತುಂಬಿ ಮರುಬಿಡುಗಡೆ ಮಾಡಿದಾಗ ಧ್ವನಿಯನ್ನೂ ಹೊಸದಾಗಿ ಸಿದ್ಧಪಡಿಸುವುದುಂಟು. 1960ರ ‘ಮೊಘಲ್-ಎ-ಆಜಮ್’ 2004ರಲ್ಲಿ ಹಾಗೆಯೇ ಬಂತು. ಅಂಥ ಪ್ರತಿಯನ್ನು ‘1960ರ ಧ್ವನಿ’ ಎಂದು ಕೇಳಿಸಿದರೆ ಪಾಠದ ಬುಡವೇ ಅಲುಗುತ್ತದೆ.

ತರಗತಿಯಲ್ಲಿ ಸಿನಿಮಾ ತೋರಿಸುವುದು ಕಾನೂನಿಗೆ ವಿರುದ್ಧವೇ?

1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಂ ಶಿಕ್ಷಣ ಸಂಸ್ಥೆಯ ಚಟುವಟಿಕೆಯಲ್ಲಿ ಚಲನಚಿತ್ರ, ಧ್ವನಿಮುದ್ರಣ ಬಳಸಲು ಅವಕಾಶ ಕೊಡುತ್ತದೆ. ಆದರೆ ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಆ ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಷ್ಟೇ ಆಗಿರಬೇಕು. ಊರಿನವರನ್ನೆಲ್ಲ ಕರೆದು ಪ್ರದರ್ಶಿಸುವುದು, ತುಣುಕನ್ನು ಕತ್ತರಿಸಿ ಸಾರ್ವಜನಿಕವಾಗಿ ಅಪ್‌ಲೋಡ್ ಮಾಡುವುದು ಇದರೊಳಗೆ ಬರುವುದಿಲ್ಲ.

## ವಾದ್ಯ, ದನಿ ಮತ್ತು ಕಾಲ

“ಪುಲಿಕೇಶಿ ಕಾಲದಲ್ಲಿ ಹಾರ್ಮೋನಿಯಂ ಇತ್ತಾ ಸರ್?” ಅಂತ ಹುಡುಗ ಕೇಳಿದ. ಏನು ಹೇಳಲಿ?

ಇರಲಿಲ್ಲ. ಇಮ್ಮಡಿ ಪುಲಿಕೇಶಿ ಆಳಿದ್ದು 610ರಿಂದ 642. ಹಾರ್ಮೋನಿಯಂ ಹುಟ್ಟಿದ್ದು 1840ರ ದಶಕದ ಆರಂಭದಲ್ಲಿ, ಪ್ಯಾರಿಸ್ಸಿನಲ್ಲಿ. ನೆಲದ ಮೇಲೆ ಕೂತು ಕೈಯಲ್ಲಿ ಗಾಳಿ ಹಾಕುವ ಪೆಟ್ಟಿಗೆಯನ್ನು 1875ರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಮಾಡಿದರು. ಇಂಥ ಪ್ರಶ್ನೆ ಬಂದಾಗ ಉತ್ತರ ಹೇಳಿ ಮುಗಿಸದೆ, ತರಗತಿಯ ಗೋಡೆಗೆ ಒಂದು ಉದ್ದದ ಕಾಲಪಟ್ಟಿ ಅಂಟಿಸಿ ವಾದ್ಯಗಳನ್ನು ಅದರ ಮೇಲೆ ಕೂರಿಸಿ.

ಪಿಟೀಲು ಕರ್ನಾಟಕ ಸಂಗೀತಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ. ಆ ಹೆಸರು ಸಲ್ಲುವುದು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರಿಗೆ. ತಬಲಾ, ಸಿತಾರ್ ಹದಿನೆಂಟನೆಯ ಶತಮಾನದವು. ಸರೋದ್ ಇನ್ನೂ ಈಚಿನದು. ಇಪ್ಪತ್ತನಾಲ್ಕು ಮೆಟ್ಟಿಲು ಭದ್ರವಾಗಿ ಕೂರಿಸಿದ ಇಂದಿನ ವೀಣೆ ಹದಿನೇಳನೆಯ ಶತಮಾನದ ತಂಜಾವೂರಿನದು. ಅದಕ್ಕೂ ಹಿಂದೆ ‘ವೀಣೆ’ ಎಂಬ ಹೆಸರಿದ್ದರೂ ರೂಪ ಬೇರೆ. ಸಮುದ್ರಗುಪ್ತನ ನಾಣ್ಯದಲ್ಲಿ ಅವನ ತೊಡೆಯ ಮೇಲಿರುವುದು ಬಿಲ್ಲಿನಂತೆ ಬಾಗಿದ ವಾದ್ಯ. ಶಂಖ, ಕೊಂಬು, ಕೊಳಲು, ತಾಳ, ಚರ್ಮವಾದ್ಯಗಳು ತುಂಬ ಹಳೆಯವು. ರಾಗಕ್ಕೂ ಹುಟ್ಟಿದ ಕಾಲ ಇರುತ್ತದೆ. ಹಂಸಧ್ವನಿಯನ್ನು ರೂಪಿಸಿದವರು ರಾಮಸ್ವಾಮಿ ದೀಕ್ಷಿತರು (1735–1817). 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಸಭೆಯಲ್ಲಿ ಅದು ಕೇಳಿಸಿದರೆ ಸಂಯೋಜಕನ ಕಾಲ ಅಲ್ಲಿ ಒಳಗೆ ಬಂದಿದೆ ಎಂದರ್ಥ.

ಹಾಗಾದರೆ ಕಾಲಕ್ಕೆ ಸೇರದ ವಾದ್ಯ ಬಳಸಿದ ಚಿತ್ರ ತಪ್ಪು ಚಿತ್ರವೇ?

ಈ ಪಾಠ ಹೆಚ್ಚು ಸಲ ದಾರಿ ತಪ್ಪುವುದು ಇಲ್ಲೇ. ವಾದ್ಯಗಳ ಕಾಲಪಟ್ಟಿ ಕೈಗೆ ಸಿಕ್ಕಮೇಲೆ ಮಕ್ಕಳು ತಪ್ಪು ಹುಡುಕುವ ಉತ್ಸಾಹಕ್ಕೆ ಬೀಳುತ್ತಾರೆ. ‘ಪಿಟೀಲು ಇದೆ, ಆದ್ದರಿಂದ ಸುಳ್ಳು’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಆಗ ‘ಸರಿ, ಯಾಕೆ ಹಾಗೆ ಮಾಡಿರಬಹುದು?’ ಎಂದು ಕೇಳಿ. ಪಾಠಕ್ಕೆ ಮತ್ತೆ ಜೀವ ಬರುತ್ತದೆ.

ಮೂರು ಬಗೆಯ ಉದಾಹರಣೆ ಇಟ್ಟುಕೊಳ್ಳಿ. ‘ಚಾರಿಯಟ್ಸ್ ಆಫ್ ಫೈರ್’ (1981) 1924ರ ಪ್ಯಾರಿಸ್ ಒಲಿಂಪಿಕ್ಸ್ ಕಥೆ. ವಾಂಜೆಲಿಸ್ ಅದಕ್ಕೆ ಸಿಂಥಸೈಜರ್ ಬಳಸಿದರು. ಆ ಧ್ವನಿ 1924ರಲ್ಲಿ ಇರಲೇ ಇಲ್ಲ, ಅದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. ಓಟಗಾರರು ಹಳೆಯ ಫೋಟೋದ ಜನ ಎನಿಸದೆ ನಮ್ಮ ಸಮಕಾಲೀನರೆನಿಸುವುದು ಆ ಧ್ವನಿಯಿಂದಲೇ. ‘ಬ್ಯಾರಿ ಲಿಂಡನ್’ (1975) ಹದಿನೆಂಟನೆಯ ಶತಮಾನದ್ದು. ಅದರಲ್ಲಿ ಶೂಬರ್ಟ್ 1827ರಲ್ಲಿ ರಚಿಸಿದ ಪಿಯಾನೊ ತ್ರಯ ಬರುತ್ತದೆ. ಕಾಲ ಕೆಲವು ದಶಕ ಮುಂದೆ ಜಾರಿದೆ, ಆದರೆ ಕೇಳುವವರಿಗೆ ‘ಹಳೆಯ ಯುರೋಪು’ ಎಂದೇ ಅನಿಸುತ್ತದೆ.

ಮೂರನೆಯದು ನಮ್ಮದೇ. ‘ಮೊಘಲ್-ಎ-ಆಜಮ್’ನಲ್ಲಿ ತಾನಸೇನನಿಗಾಗಿ ಹಾಡಿದವರು ಬಡೇ ಗುಲಾಮ್ ಅಲಿ ಖಾನ್. ತಾನಸೇನ ಅಕ್ಬರನ ಆಸ್ಥಾನದಲ್ಲಿ ಧ್ರುಪದ ಎಂಬ ಹಳೆಯ, ಗಂಭೀರ ಹಿಂದೂಸ್ತಾನಿ ಶೈಲಿಯ ಗಾಯಕ. ಪರದೆಯ ಮೇಲೆ ಕೇಳುವುದು ಖಯಾಲ್ ಮತ್ತು ಠುಮ್ರಿ ಎಂಬ ಈಚಿನ ಶೈಲಿಗಳ ಮನೆಯ ಕಂಠ. ಖಯಾಲ್ ದೆಹಲಿಯ ದರಬಾರಿನಲ್ಲಿ ಮೇಲೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ, ಮುಹಮ್ಮದ್ ಶಾಹನ ಕಾಲದ ಸದಾರಂಗನಿಂದ. 1960ರ ಕೇಳುಗನಿಗೆ ‘ಮಹಾಗಾಯಕ’ ಎಂದರೆ ಯಾವ ದನಿ ನೆನಪಾಗುತ್ತಿತ್ತೋ ಆ ದನಿಯನ್ನು ತಾನಸೇನನಿಗೆ ಕೊಟ್ಟರು. ಈ ಹಾಡನ್ನು ಒಂದು ಧ್ರುಪದ ಗಾಯನದ ಪಕ್ಕದಲ್ಲಿಟ್ಟು ಎರಡೆರಡು ನಿಮಿಷ ಕೇಳಿಸಿ. ಸಂಗೀತ ಗೊತ್ತಿಲ್ಲದ ಮಕ್ಕಳಿಗೂ ಧ್ರುಪದಕ್ಕೆ ನುಡಿಸುವ ಚರ್ಮವಾದ್ಯ ಪಖಾವಾಜದ ಭಾರವಾದ ನಡೆಗೂ ಠುಮ್ರಿಯ ಬಳುಕಿಗೂ ಇರುವ ದೂರ ತಿಳಿಯುತ್ತದೆ.

ಆ ಕಾಲದ ಸಂಗೀತ ನಿಜಕ್ಕೂ ಹೇಗಿತ್ತು ಅಂತ ಯಾರಿಗಾದರೂ ಗೊತ್ತಾ?

ಕೇಳಿದವರಿಲ್ಲ. ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಗ್ರಾಮಫೋನ್ ತಟ್ಟೆಗಳು ಮುದ್ರಣವಾದದ್ದು 1902ರಲ್ಲಿ. ಅದರ ಹಿಂದಿನ ಭಾರತದ ಸಂಗೀತಕ್ಕೆ ಆಧಾರ ಕಲ್ಲು, ತಾಳೆಗರಿ, ಪ್ರವಾಸಿಗಳ ಬರಹ ಮತ್ತು ಬಾಯಿಂದ ಬಾಯಿಗೆ ಬಂದ ಪಾಠ. ಬೇಲೂರು, ಹಳೇಬೀಡಿನ ಶಿಲ್ಪಗಳಲ್ಲಿ ಮದ್ದಳೆ, ಕೊಳಲು, ತಾಳ ಕಾಣುತ್ತವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’, ದೇವಗಿರಿಯಲ್ಲಿ ಶಾರ್ಙ್ಗದೇವ ಬರೆದ ‘ಸಂಗೀತರತ್ನಾಕರ’, ವಿಜಯನಗರ ಕಾಲದ ರಾಮಾಮಾತ್ಯನ ‘ಸ್ವರಮೇಳಕಲಾನಿಧಿ’ (1550) ಸಂಗೀತದ ಬಗ್ಗೆ ವಿವರವಾಗಿ ಹೇಳುತ್ತವೆ. ಮಹಾನವಮಿಯ ನೃತ್ಯ, ವಾದ್ಯಗಳ ಬಗ್ಗೆ ಪೋರ್ಚುಗೀಸ್ ಪ್ರವಾಸಿ ಪಾಯಸ್ ಬರೆದಿದ್ದಾನೆ.

ಶಿಲ್ಪ ವಾದ್ಯವನ್ನು ತೋರಿಸುತ್ತದೆ, ಶ್ರುತಿಯನ್ನು ತೋರಿಸುವುದಿಲ್ಲ. ಶಾಸ್ತ್ರಗ್ರಂಥ ಸ್ವರಸ್ಥಾನ ಹೇಳುತ್ತದೆ, ಸ್ವರವನ್ನು ಬಳುಕಿಸುವ ಗಮಕವನ್ನು ಕೇಳಿಸುವುದಿಲ್ಲ. ಚಿತ್ರದ ಸಂಯೋಜಕ ಈ ಕಂದಕವನ್ನು ಕಲ್ಪನೆಯಿಂದಲೇ ದಾಟಬೇಕು.

ಒಂದು ಅಪರೂಪದ ಸೇತುವೆ ಕನ್ನಡದಲ್ಲಿದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು 700ರದು, ಅದರಲ್ಲಿ ತ್ರಿಪದಿಗಳಿವೆ. ಬೀಸುವ ಕಲ್ಲಿನ ಪದಗಳ ಮಟ್ಟೂ ತ್ರಿಪದಿಯೇ. ಧಾಟಿ ಅದೇ ಎಂದು ಯಾರೂ ಹೇಳಲಾರರು, ಆದರೆ ನಡೆ ಅದೇ. ತರಗತಿಯಲ್ಲಿ ಒಂದು ಬೀಸುವ ಪದ ಹಾಡಿಸಿ, ಅದೇ ನಡೆಯಲ್ಲಿ ಶಾಸನದ ‘ಸಾಧುಗೆ ಸಾಧು’ ಪದ್ಯ ಓದಿಸಿ. ಚಾಲುಕ್ಯರ ಕಾಲದ ಧ್ವನಿಗೆ ಅರಮನೆಯ ಸೆಟ್ಟಿಗಿಂತ ಇದು ಹತ್ತಿರ.

ವಚನ, ದಾಸರ ಪದಗಳನ್ನು ಚಿತ್ರದಲ್ಲಿ ಹಾಡುತ್ತಾರಲ್ಲ, ಅವಾದರೂ ಮೂಲ ಧಾಟಿಯವೇ?

ಸಾಹಿತ್ಯ ಹಳೆಯದು, ಧಾಟಿ ಹೆಚ್ಚಿನ ಕಡೆ ಹೊಸದು. ವಚನ ಗಾಯನಕ್ಕೆ ನಾವೀಗ ಕೇಳುವ ರೂಪ ಬಂದದ್ದು ಮುಖ್ಯವಾಗಿ ಇಪ್ಪತ್ತನೆಯ ಶತಮಾನದಲ್ಲಿ, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರಂಥ ಹಿಂದೂಸ್ತಾನಿ ಗಾಯಕರಿಂದ. ಹನ್ನೆರಡನೆಯ ಶತಮಾನದ ಕಥೆಯಲ್ಲಿ ಆ ಶೈಲಿ ಕೇಳಿಸಿದರೆ ನಮಗೆ ‘ಸಹಜ’ ಅನ್ನಿಸುವುದು ಆಕಾಶವಾಣಿ ಕೇಳಿ ಬೆಳೆದ ಕಿವಿಯಿಂದ. ಒಂದೇ ದಾಸರ ಪದವನ್ನು ಮೂವರು ಗಾಯಕರಿಂದ ಕೇಳಿಸಿ. ಮೂರು ರಾಗಗಳಲ್ಲಿ ಸಿಕ್ಕಿದರೆ ಮಕ್ಕಳಿಗೆ ತಾನೇ ಅರ್ಥವಾಗುತ್ತದೆ.

ಪಾತ್ರಗಳಿಗೆ ಕೇಳಿಸುವ ಸಂಗೀತ, ನಮಗಷ್ಟೇ ಕೇಳಿಸುವ ಸಂಗೀತ: ಈ ವ್ಯತ್ಯಾಸ ಅಷ್ಟು ಮುಖ್ಯವೇ?

ಬಹಳ ಮುಖ್ಯ. ಬಿ. ವಿ. ಕಾರಂತರ ‘ಚೋಮನ ದುಡಿ’ ತೆಗೆದುಕೊಳ್ಳಿ. ದುಡಿ ಚೋಮನ ಕೈಯಲ್ಲೇ ಇರುವ ವಾದ್ಯ. ಉಳಲು ತುಂಡು ಭೂಮಿ ಬೇಕೆಂಬ ಆಸೆ, ಜಾತಿಯ ಕಾರಣಕ್ಕೆ ಅದು ಸಿಗದ ಸಂಕಟ, ಸಿಟ್ಟು, ಎಲ್ಲವನ್ನೂ ಅವನು ಬಡಿಯುವುದು ದುಡಿಯ ಮೇಲೆ. ಆ ಶಬ್ದ ಕಥೆಯೊಳಗಿನದು. ಅವನ ಮಕ್ಕಳಿಗೂ ಕೇಳುತ್ತದೆ, ಒಡೆಯರಿಗೂ ಕೇಳುತ್ತದೆ. ಅರಮನೆಯ ಚಿತ್ರದಲ್ಲಿ ರಾಜನ ದುಃಖಕ್ಕೆ ನುಡಿಯುವ ಪಿಟೀಲು ಹಾಗಲ್ಲ, ಅದು ನಮಗಷ್ಟೇ ಕೇಳುವ ರೀರೆಕಾರ್ಡಿಂಗ್, ಅಂದರೆ ಆಮೇಲೆ ಸೇರಿಸಿದ ಹಿನ್ನೆಲೆ ಸಂಗೀತ.

ಕಥೆಯೊಳಗಿನ ವಾದ್ಯ ಒಂದು ಸಮುದಾಯದ ಬದುಕಿನ ದಾಖಲೆಯಾಗಬಲ್ಲದು. ಅದನ್ನು ಕಾಲ, ಊರು, ಜಾತಿ, ದುಡಿಮೆ ಎಲ್ಲದರ ಜೊತೆ ತಾಳೆ ನೋಡಬಹುದು. ಹೊರಗಿನ ಸಂಗೀತ ನಿರ್ದೇಶಕನ ಅಭಿಪ್ರಾಯ. ಹಾಳೆಯಲ್ಲಿ ‘ಒಳ’, ‘ಹೊರ’ ಎಂದು ಗುರುತು ಹಾಕಿಸಿ. ಗೊಂದಲವಾದರೆ ಕೇಳಲು ಒಂದೇ ಪ್ರಶ್ನೆ: ಆ ಪಾತ್ರ ಕಿವಿ ಮುಚ್ಚಿಕೊಂಡರೆ ಅದು ನಿಲ್ಲುತ್ತದೆಯೇ?

## ಸಿನಿಮಾದ ಒಳಗೆ ಓಡುವ ಸಮಯ

ಒಂದೇ ಹಾಡಿನಲ್ಲಿ ಹುಡುಗ ದೊಡ್ಡವನಾಗಿಬಿಡುತ್ತಾನಲ್ಲ, ಅದನ್ನು ಹೇಗೆ ವಿವರಿಸಲಿ?

ಲೆಕ್ಕ ಹಾಕಿಸಿ. ಹಾಡು 4 ನಿಮಿಷ ಎಂದರೆ 240 ಸೆಕೆಂಡು. ಕಥೆಯಲ್ಲಿ 12 ವರ್ಷ ಕಳೆದಿದ್ದರೆ 20 ಸೆಕೆಂಡಿಗೆ ಒಂದು ವರ್ಷ. ಆಮೇಲೆ ಅದೇ ಚಿತ್ರದ ಕೊನೆಯ ಕಾಳಗಕ್ಕೆ ಎಷ್ಟು ನಿಮಿಷ ಕೊಟ್ಟಿದ್ದಾರೆ ನೋಡಿ.

ನಂತರ ಆ ಹಾಡನ್ನು ಮ್ಯೂಟ್ ಮಾಡಿ ತೋರಿಸಿ. ಚಿತ್ರಗಳು ತುಂಡು ತುಂಡಾಗಿ ಎಗರುವುದು ಆಗ ಕಣ್ಣಿಗೆ ಹೊಡೆಯುತ್ತದೆ. ಧ್ವನಿ ಇದ್ದಾಗ ಅದು ಗೊತ್ತಾಗದಿರಲು ಕಾರಣ ತಾಳ. ತಾಳ ಎಲ್ಲೂ ಮುರಿಯದೆ ಸಾಗುವುದರಿಂದ ಕಾಲವೂ ಮುರಿಯದೆ ಸಾಗಿದಂತೆ ಅನಿಸುತ್ತದೆ. ಮಗುವಿನ ದನಿಯಿಂದ ದೊಡ್ಡವರ ದನಿಗೆ ದಾಟುವ ಚರಣ, ವಾದ್ಯಗಳು ದಟ್ಟವಾಗುವ ಜಾಗ, ಶ್ರುತಿ ಏರುವ ಜಾಗ ಇವನ್ನು ನಿಮಿಷ, ಸೆಕೆಂಡು ಸಮೇತ ಬರೆಸಿ.

ಇತಿಹಾಸದ ಮೇಷ್ಟ್ರಿಗೆ ಬೇಕಾದ ಪ್ರಶ್ನೆ ಇದರಾಚೆಗಿದೆ. ಆ 12 ವರ್ಷದಲ್ಲಿ ಏನೇನು ಬಿಟ್ಟುಹೋಯಿತು? ಕೆರೆ ಕಟ್ಟಿಸಿದ್ದು, ದತ್ತಿ ಬಿಟ್ಟದ್ದು, ತೆರಿಗೆ, ವ್ಯಾಪಾರ ಇವು ಶಾಸನಗಳಲ್ಲಿ ತುಂಬಿಕೊಂಡಿವೆ. ಚಿತ್ರದಲ್ಲಿ ಇವು ಒಂದು ಚರಣದಲ್ಲಿ ಮುಗಿಯುತ್ತವೆ, ಇಲ್ಲವೇ ಬರುವುದೇ ಇಲ್ಲ.

ಇಂದಿನ ಕಥೆಯ ನಡುವೆ ಹಳೆಯ ಕಾಲಕ್ಕೆ ಹೋಗಿ ಬರುವ ಹಾಡಿಗೆ ಒಳ್ಳೆಯ ಉದಾಹರಣೆ ಯಾವುದು?

‘ನಾಗರಹಾವು’ (1972) ಚಿತ್ರದ ಓಬವ್ವನ ಹಾಡು. ಚಿತ್ರ ಆ ಕಾಲದ ಚಿತ್ರದುರ್ಗದ ಹುಡುಗನದು. ಅದರ ಮಧ್ಯೆ ಹೈದರಾಲಿಯ ಮುತ್ತಿಗೆಯ ದಿನಗಳು ಹಾಡಿನ ಮೂಲಕವೇ ಬರುತ್ತವೆ. ಸಂಗೀತ ವಿಜಯಭಾಸ್ಕರ್, ದನಿ ಪಿ. ಬಿ. ಶ್ರೀನಿವಾಸ್, ಓಬವ್ವನಾಗಿ ಜಯಂತಿ. ಮೂರು ಜಾಗಗಳನ್ನು ಗುರುತಿಸಲಿ: ಇಂದಿನ ಶಬ್ದ ನಿಲ್ಲುವುದು ಎಲ್ಲಿ, ಹಳೆಯ ಕಾಲ ತೆರೆದುಕೊಳ್ಳುವುದು ಯಾವ ವಾದ್ಯದಿಂದ, ಇಂದಿಗೆ ವಾಪಸಾಗುವುದು ಹೇಗೆ.

ಹಾಡುತ್ತಿರುವುದು ಓಬವ್ವ ಅಲ್ಲ, ಅವಳ ಕಥೆ ಹೇಳುವ ಗಂಡು ದನಿ ಎಂಬುದನ್ನು ಎತ್ತಿ ತೋರಿಸಿ. ಲಾವಣಿ ಹೇಳುವವನ ಜಾಗದಲ್ಲಿ ಹಿನ್ನೆಲೆ ಗಾಯಕ ನಿಂತಿದ್ದಾನೆ. ಜನಜನಿತ ಕಥೆಯಲ್ಲಿ ಅವಳ ಗಂಡ ಕಾವಲಿನ ಕಹಳೆಯವನು, ಮುದ್ದಹನುಮ. ಕೋಟೆಯ ಕಥೆಯಲ್ಲಿ ಕಹಳೆ ಒಂದು ಕೆಲಸದ ಶಬ್ದ, ಎಚ್ಚರಿಕೆಯ ಶಬ್ದ. ಹಾಡಿನಲ್ಲಿ ಆ ಕೆಲಸವನ್ನು ಯಾವ ವಾದ್ಯ ಮಾಡುತ್ತಿದೆ, ಎಚ್ಚರಿಸಲೋ ಮೆರೆಸಲೋ ಎಂದು ಮಕ್ಕಳು ಕೇಳಿಸಿಕೊಳ್ಳಲಿ.

ಸಮಯ ಓಡುತ್ತಿದೆ, ಎಳೆಯುತ್ತಿದೆ ಅನ್ನಿಸುವುದು ಸಂಗೀತದ ಯಾವ ತಂತ್ರದಿಂದ?

‘ಡಂಕರ್ಕ್’ (2017) ತೋರಿಸಿ. 1940ರ ಸೈನಿಕರ ತೆರವಿನ ಕಥೆಯನ್ನು ಅದು ಮೂರು ಅಳತೆಗಳಲ್ಲಿ ಹೆಣೆಯುತ್ತದೆ: ನೆಲದ ಮೇಲೆ ಒಂದು ವಾರ, ಸಮುದ್ರದಲ್ಲಿ ಒಂದು ದಿನ, ಆಕಾಶದಲ್ಲಿ ಒಂದು ಗಂಟೆ. ಮೂರನ್ನೂ ಒಂದೇ ದಾರದಲ್ಲಿ ಕಟ್ಟುವುದು ಹಾನ್ಸ್ ಜಿಮ್ಮರ್ ಸಂಗೀತ ಮತ್ತು ಅದರೊಳಗಿನ ಗಡಿಯಾರದ ಟಿಕ್ ಟಿಕ್.

ಅದರಲ್ಲಿ ಶೆಪರ್ಡ್ ಸ್ವರ ಎಂಬ ತಂತ್ರವಿದೆ. ಒಂದೇ ಸ್ವರವನ್ನು ಹಲವು ಸ್ಥಾಯಿಗಳಲ್ಲಿ ಒಟ್ಟಿಗೆ ಏರಿಸುತ್ತಾರೆ. ಮೇಲಿನದು ಮೆಲ್ಲಗೆ ಮಾಯವಾಗುವಾಗ ಕೆಳಗಿನಿಂದ ಇನ್ನೊಂದು ಸೇರಿಕೊಳ್ಳುತ್ತದೆ. ಕಿವಿಗೆ ಸ್ವರ ಏರುತ್ತಲೇ ಇದ್ದಂತೆ, ಎಂದೂ ತುದಿ ಮುಟ್ಟದಂತೆ ಕೇಳುತ್ತದೆ. ಇದನ್ನು ಸ್ಪೀಕರಿನಲ್ಲಿ ಒಂದು ನಿಮಿಷ ಕೇಳಿಸಿ, ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡದೆ ಬರೆಯಲು ಹೇಳಿ. ಉತ್ತರಗಳನ್ನು ಬೋರ್ಡಿನ ಮೇಲೆ ಹಾಕಿದರೆ ಸಂಗೀತ ಸಮಯವನ್ನು ಹಿಗ್ಗಿಸುವ, ಕುಗ್ಗಿಸುವ ಬಗೆ ಕಾಣುತ್ತದೆ. ಜೋರು ಧ್ವನಿ ಕೆಲವು ಮಕ್ಕಳಿಗೆ ಕಿರಿಕಿರಿಯಾಗಬಹುದು, ಮೊದಲೇ ಹೇಳಿಬಿಡಿ.

## ಮುಂದುವರಿದವರಿಗೆ

ಚಿತ್ರ ತಯಾರಾದ ಕಾಲ ಸಂಗೀತದಲ್ಲಿ ಕೇಳಿಸುತ್ತದೆ ಅಂತೀರಿ. ಕನ್ನಡ ಚಿತ್ರದಲ್ಲಿ ತೋರಿಸಿ ನೋಡೋಣ.

ಮೇಲೆ ಹೇಳಿದ ಅರಮನೆ ಚಿತ್ರಗಳ ಇಸವಿಗಳನ್ನು ಸಾಲಾಗಿ ಬರೆಯಿರಿ: 1960, 1961, 1967, 1970, 1975. ಅದರ ಪಕ್ಕ 1956ರ ನವೆಂಬರ್ 1 (ಏಕೀಕರಣ), 1973ರ ನವೆಂಬರ್ 1 (ಕರ್ನಾಟಕ ಎಂಬ ಹೆಸರು) ಬರೆಯಿರಿ. ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಜನ ಒಂದು ರಾಜ್ಯವಾಗಿ ತಮ್ಮ ಹಿಂದಿನ ದೊರೆಗಳನ್ನು ಹುಡುಕುತ್ತಿದ್ದ ಕಾಲ ಅದು.

‘ಮಯೂರ’ದಲ್ಲಿ ರಾಜ ಪ್ರಜೆಗಳನ್ನುದ್ದೇಶಿಸಿ ಹಾಡುವ ‘ನಾನಿರುವುದೆ ನಿಮಗಾಗಿ’ ಕೇಳಿಸಿ. ಸಂಗೀತ ಜಿ. ಕೆ. ವೆಂಕಟೇಶ್, ಹಾಡಿದವರು ಸ್ವತಃ ರಾಜ್‌ಕುಮಾರ್. ಹಿಂದಿನ ಚಿತ್ರಗಳಲ್ಲಿ ಅವರಿಗೆ ಹೆಚ್ಚಾಗಿ ಪಿ. ಬಿ. ಶ್ರೀನಿವಾಸ್ ದನಿ ಕೊಡುತ್ತಿದ್ದರು. ಮಾತಿನ ದನಿ, ಹಾಡಿನ ದನಿ ಒಂದೇ ಆದಾಗ ನಾಲ್ಕನೆಯ ಶತಮಾನದ ರಾಜನ ಮಾತು ಎದುರು ಕುಳಿತ ಪ್ರೇಕ್ಷಕನಿಗೇ ಹೇಳಿದಂತಾಗುತ್ತದೆ. ಆ ಹಾಡಿನ ಭಾಷೆ ಇಪ್ಪತ್ತನೆಯ ಶತಮಾನದ ಕನ್ನಡ. ಮಯೂರನ ಕಥೆ ಹೇಳುವ ತಾಳಗುಂದದ ಶಾಸನ ಇರುವುದು ಸಂಸ್ಕೃತದಲ್ಲಿ.

ಇನ್ನೊಂದು ಬೇರು ಕಂಪನಿ ನಾಟಕದ್ದು. ರಾಜ್‌ಕುಮಾರ್, ಜಿ. ವಿ. ಅಯ್ಯರ್ ಬಂದದ್ದು ಗುಬ್ಬಿ ಕಂಪನಿಯಿಂದ. ಕಾಲಲ್ಲಿ ತುಳಿದು ಗಾಳಿ ಹಾಕುವ ಲೆಗ್ ಹಾರ್ಮೋನಿಯಂ ಜೊತೆ ಏರುದನಿಯಲ್ಲಿ ಹಾಡುವ ರಾಜಪಾತ್ರದ ಗತ್ತು ಪರದೆಗೂ ಬಂತು. ಹೋಲಿಕೆಗೆ 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ವನ್ನು 1961ರ ಚೆನ್ನಮ್ಮನ ಚಿತ್ರದ ಪಕ್ಕ ಇಡಿ. ಕಿತ್ತೂರು ಒಂದೇ, ನಡುವೆ 51 ವರ್ಷ. ಎರಡರಲ್ಲೂ ಯುದ್ಧದ 90 ಸೆಕೆಂಡು ಆರಿಸಿ, ಕೇವಲ ಧ್ವನಿ ಕೇಳಿಸಿ, ಯಾವುದು ಯಾವ ದಶಕದ್ದೆಂದು ಕಾರಣ ಸಮೇತ ಹೇಳಲಿ.

ಚಿತ್ರವನ್ನು ಮೂಲ ಆಕರದ ಜೊತೆ ಹೋಲಿಸುವುದು ಹೇಗೆ?

ಆಕರ ಚಿಕ್ಕದಿರಲಿ, 8–10 ಸಾಲು ಸಾಕು. ತಾಳಗುಂದ ಶಾಸನದಲ್ಲಿ ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋಗುತ್ತಾನೆ, ಅಲ್ಲಿ ಪಲ್ಲವರ ಅಶ್ವಾರೋಹಿಯೊಂದಿಗೆ ಜಗಳವಾಗುತ್ತದೆ, ಅವಮಾನದಿಂದ ಕತ್ತಿ ಹಿಡಿಯುತ್ತಾನೆ. ಚಿತ್ರದ ಕಥೆ ನೇರ ಶಾಸನದಿಂದ ಬಂದದ್ದಲ್ಲ, ನಡುವೆ ದೇವುಡು ಅವರ ಕಾದಂಬರಿ ಇದೆ. ಶಾಸನ, ಕಾದಂಬರಿ, ಚಿತ್ರ ಎಂದು ಮೂರು ಮೆಟ್ಟಿಲು ಬರೆದು, ಅವಮಾನದ ಪ್ರಸಂಗ ಪ್ರತಿ ಮೆಟ್ಟಿಲಲ್ಲಿ ಎಷ್ಟು ಬೆಳೆದಿದೆ, ಸಂಗೀತ ಅದನ್ನು ಎಲ್ಲಿ ಎತ್ತಿ ಹಿಡಿದಿದೆ ನೋಡಿಸಿ.

ಲಾವಣಿಯೂ ಒಳ್ಳೆಯ ಆಕರ. ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಬಂಡೆದ್ದ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ, ಶಾಸನತಜ್ಞ ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ. ಘಟನೆಗೆ ಕೆಲವೇ ದಶಕ ದೂರದ ಹಾಡು ಅದು, ಅಂದರೆ ಸಂಗೀತವೇ ಇಲ್ಲಿ ಆಕರ. ಡಪ್ಪು, ತುಂತುಣಿಯ ಜೊತೆ ಅದನ್ನು ಹಾಡಿಸಿ, ವೀರರ ಸಾವಿಗೆ ಲಾವಣಿಕಾರ ಎಷ್ಟು ಸಾಲು ಕೊಟ್ಟ, ಲೂಟಿಗೆ, ಊರು ಸುಟ್ಟಿದ್ದಕ್ಕೆ ಎಷ್ಟು ಕೊಟ್ಟ ಎಂದು ಎಣಿಸಿ.

ಶತ್ರು ಸೈನ್ಯ ಬಂದಾಗ ಸಂಗೀತ ಬದಲಾಗುತ್ತದೆ. ತರಗತಿಯಲ್ಲಿ ಎಲ್ಲ ಧರ್ಮದ ಮಕ್ಕಳಿದ್ದಾರೆ, ಇದನ್ನು ಹೇಗೆ ನಿಭಾಯಿಸಲಿ?

ತಪ್ಪಿಸಿಕೊಳ್ಳಬೇಡಿ. ನಾಯಕನ ಪಡೆಗೆ ಏರುವ ಧಾಟಿ, ಎದುರಾಳಿಗೆ ಕೆಳಸ್ವರದ ಗುಡುಗು, ‘ಹೊರಗಿನವರು’ ಎಂದು ಸೂಚಿಸುವ ಒಂದು ಸಿದ್ಧ ಸ್ವರಗುಚ್ಛ ಇವು ಭಾರತೀಯ ಚಾರಿತ್ರಿಕ ಚಿತ್ರಗಳಲ್ಲಿ ರೂಢಿಯಾಗಿಬಿಟ್ಟಿವೆ. ಎರಡು ಪಡೆಗಳ ತುಣುಕನ್ನು ತೆಗೆದುಕೊಂಡು ಸಂಗೀತ ಅದಲು ಬದಲು ಮಾಡಿ ತೋರಿಸಿ. ಯಾರ ಮೇಲೆ ಭಯ ಹುಟ್ಟುತ್ತದೆ ಎಂಬುದು ಒಮ್ಮೆಲೇ ತಿರುಗುತ್ತದೆ. ಮಾತು ಯಾವ ಸಮುದಾಯದ ಮೇಲೂ ಹೋಗದೆ ಧ್ವನಿಯ ತಂತ್ರದ ಮೇಲೆ ನಿಲ್ಲುತ್ತದೆ.

ಜೊತೆಗೆ ಒಂದು ಗಟ್ಟಿ ಸಂಗತಿ ಇಡಿ. ‘ರಣಧೀರ ಕಂಠೀರವ’ದ ಕಾಲದಲ್ಲಿ ಮೈಸೂರಿಗೆ ಎದುರಾಳಿಯಾಗಿದ್ದದ್ದು ಬಿಜಾಪುರ. ಅದೇ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580–1627) ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನೌರಸ್’ ಎಂಬ ಹಾಡುಗಳ ಪುಸ್ತಕ ಬರೆದು, ಅದನ್ನು ಸರಸ್ವತಿಯ ಸ್ತುತಿಯಿಂದ ಆರಂಭಿಸಿದ. ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟಿದ್ದ. ಆ ಸುಲ್ತಾನನ ಆಸ್ಥಾನಕ್ಕೆ ನೀವಾದರೆ ಯಾವ ಸಂಗೀತ ಹಾಕುತ್ತೀರಿ ಎಂದು ಕೇಳಿ.

ಇದಕ್ಕೆ ಅಂಕ ಕೊಡುವುದು ಹೇಗೆ?

20 ಅಂಕಕ್ಕೆ: ನಿಮಿಷ, ಸೆಕೆಂಡು ಸಮೇತ ಕೇಳಿಸಿದ್ದನ್ನು ಬರೆದಿದ್ದರೆ 6, ಮೂರು ಕಾಲಗಳನ್ನು ಬೇರ್ಪಡಿಸಿದ್ದರೆ 5, ಒಂದು ಆಕರದ ಜೊತೆ ಹೋಲಿಸಿದ್ದರೆ 6, ಬರಹದ ಸ್ಪಷ್ಟತೆಗೆ 3. ರಾಗ ಗುರುತಿಸಿದ್ದಕ್ಕೆ ಪ್ರತ್ಯೇಕ ಅಂಕ ಬೇಡ. ಸಂಗೀತ ಕಲಿಯಲು ಹೋಗುವ ಮಕ್ಕಳಿಗಷ್ಟೇ ಅದು ಲಾಭ.

ಮಕ್ಕಳೇ ಹಿನ್ನೆಲೆ ಸಂಗೀತ ಹಾಕುವ ಯೋಜನೆ ಮಾಡಿಸಬಹುದಾ?

ಮಾಡಿಸಿ. ಹಂಪಿಯ 8 ಫೋಟೋ, ಒಟ್ಟು 60 ಸೆಕೆಂಡಿನ ಮೂಕ ವಿಡಿಯೋ ತಯಾರಿಸಿ ಮೂರು ಗುಂಪಿಗೆ ಕೊಡಿ. ಒಂದು ಗುಂಪು ಊರಲ್ಲಿ ಸಿಗುವ ವಾದ್ಯದಿಂದ, ಇನ್ನೊಂದು ಮೊಬೈಲ್ ಆ್ಯಪಿನ ಕೀಬೋರ್ಡಿನಿಂದ, ಮೂರನೆಯದು ಗಾಳಿ, ಹಕ್ಕಿ, ಕಲ್ಲು ಒಡೆಯುವ ಸದ್ದಿನಂಥ ಶಬ್ದಗಳಿಂದ ಮಾತ್ರ. ಮುದ್ರಿಸುವಾಗ ಫ್ಯಾನ್ ನಿಲ್ಲಿಸಿ, ಮೊಬೈಲನ್ನು ವಾದ್ಯದಿಂದ ಎರಡು ಮೂರು ಅಡಿ ದೂರ ಇಡಿ. ಹತ್ತಿರವಿಟ್ಟರೆ ಚರ್ಮವಾದ್ಯದ ಪೆಟ್ಟು ಒಡೆದು ಕೇಳುತ್ತದೆ. ಸಾಹಿತ್ಯ ಇರುವ ಹಾಡು ಬೇಡ, ಪದಗಳು ಬಂದರೆ ಎಲ್ಲರೂ ಪದಗಳನ್ನೇ ಚರ್ಚಿಸುತ್ತಾರೆ.

ಬಹುತೇಕ ಗುಂಪುಗಳು ಪಾಳುಬಿದ್ದ ಕಲ್ಲು ಕಂಡ ಕೂಡಲೇ ಶೋಕದ ಧಾಟಿ ಹಾಕುತ್ತವೆ. ಆ ಧಾಟಿ 1565ರ ರಕ್ಕಸತಂಗಡಿ ಕಾಳಗಕ್ಕೆ ಎಲ್ಲ ಮುಗಿದುಹೋಯಿತು ಎನ್ನುತ್ತದೆ. ಅರವೀಡು ದೊರೆಗಳು ಪೆನುಗೊಂಡೆಯಿಂದ, ಆಮೇಲೆ ಚಂದ್ರಗಿರಿಯಿಂದ ವಿಜಯನಗರದ ಹೆಸರಿನಲ್ಲೇ ಆಳಿದರು. ವಿರೂಪಾಕ್ಷನ ಗುಡಿಯಲ್ಲಿ ಇವತ್ತಿಗೂ ಪೂಜೆ ನಡೆಯುತ್ತಿದೆ. ಇಷ್ಟನ್ನು ಹೇಳಿ, ಅದೇ 60 ಸೆಕೆಂಡಿಗೆ ಎರಡನೆಯ ಸಲ ಸಂಗೀತ ಮಾಡಿಸಿ. ಎರಡು ಆವೃತ್ತಿಗಳಲ್ಲಿ ಏನನ್ನು ಬದಲಿಸಿದರು, ಯಾಕೆ ಎಂದು ಪ್ರತಿ ಗುಂಪು ಐದು ವಾಕ್ಯ ಬರೆದು ವಿಡಿಯೋ ಜೊತೆಗೇ ಕೊಡಲಿ.